ಕನ್ನಡ ಪಠ್ಯ ಕತ್ತರಿಸಿದರೆ ಒತ್ತಕ್ಷರ ಮುರಿಯುತ್ತಿದೆ: ಜಾವಾಸ್ಕ್ರಿಪ್ಟ್‌ನಲ್ಲೇ ಪರಿಹಾರ ಇದೆಯಾ?

ಪ್ರಶ್ನೆ
ಶೀರ್ಷಿಕೆ ಉದ್ದವಾದರೆ ಸ್ಲೈಸ್‌ನಿಂದ ಕತ್ತರಿಸಿ ಮೂರು ಚುಕ್ಕಿ ಹಾಕುವ ಕೋಡ್ ಇದೆ. ಇಂಗ್ಲಿಷಿಗೆ ತೊಂದರೆಯಿಲ್ಲ. ‘ಕರ್ನಾಟಕ’ವನ್ನು ಎರಡಕ್ಕೆ ಕತ್ತರಿಸಿದರೆ ‘ಕರ’, ಮೂರಕ್ಕೆ ‘ಕರ್’, ನಾಲ್ಕಕ್ಕೆ ‘ಕರ್ನ’! ಲೆಂಗ್ತ್ 7 ಅನ್ನುತ್ತದೆ, ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಹೊರಗಿನ ಲೈಬ್ರರಿ ಇಲ್ಲದೆ ಸರಿಮಾಡಬಹುದೇ?

ಉತ್ತರ 1
ಬಿಡಿಸಿ ನೋಡಿ: ಕ, ರ, ವಿರಾಮ (ಸ್ವರ ತೆಗೆಯುವ ‘್’ ಚಿಹ್ನೆ), ನ, ಆಕಾರದ ಚಿಹ್ನೆ, ಟ, ಕ. ಒಟ್ಟು 7 ಕೋಡ್ ಪಾಯಿಂಟ್ (ಪ್ರತಿ ಚಿಹ್ನೆಗೆ ಯೂನಿಕೋಡ್ ಮಾನದಂಡ ಕೊಡುವ ಸಂಖ್ಯೆ). ಪೈಥಾನ್ ಕೂಡ 7 ಅಂತಲೇ ಹೇಳುತ್ತದೆ. ಸ್ವಿಫ್ಟ್ ಮತ್ತು ಎಲಿಕ್ಸರ್ ಭಾಷೆಗಳಲ್ಲಿ ಸ್ಟ್ರಿಂಗ್‌ನ ಉದ್ದವನ್ನು ಗ್ರಾಫೀಮ್ (ಒಂದು ಅಕ್ಷರವೆಂದು ಎಣಿಸುವ ಚಿಹ್ನೆಗಳ ಗುಂಪು) ಲೆಕ್ಕದಲ್ಲೇ ಕೊಡುತ್ತಾರೆ. ಆ ಸೌಲಭ್ಯ ಇಲ್ಲದಿರುವುದು ಇಂಗ್ಲಿಷ್ ಪಠ್ಯ ಮಾತ್ರ ಪರೀಕ್ಷಿಸುವವರಿಗೆ ಗೊತ್ತೇ ಆಗುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಪಠ್ಯವನ್ನು ತುಂಡು ಮಾಡುವ ಇಂಟ್ಲ್.ಸೆಗ್ಮೆಂಟರ್ ಬಳಸಿ, ಗ್ರ್ಯಾನ್ಯುಲಾರಿಟಿ (ತುಂಡಿನ ಅಳತೆ) ‘ಗ್ರಾಫೀಮ್’ ಇರಲಿ. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ 16ರಿಂದ ಇದೆ. ಫೈರ್‌ಫಾಕ್ಸ್‌ಗೆ ಬಂದದ್ದು 2024ರಲ್ಲಿ, 125ನೇ ಆವೃತ್ತಿಗೆ. ಹಳೆಯ ಬ್ರೌಸರ್‌ಗಳಿಗೆ ಬದಲಿ ದಾರಿ ಇಟ್ಟುಕೊಳ್ಳಿ.

ಉತ್ತರ 2
ಅಷ್ಟಕ್ಕೇ ನಿಲ್ಲಿಸಬೇಡಿ. ಸೆಗ್ಮೆಂಟರ್ ಕೊಡುವುದು 5: ಕ, ರ್, ನಾ, ಟ, ಕ. ಒತ್ತಕ್ಷರವನ್ನು ಒಡೆಯದಿರುವ ನಿಯಮ ಯೂನಿಕೋಡ್ 15.1ರಲ್ಲಿ (2023) ಬಂತು. ದೇವನಾಗರಿ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ತುಂಡುಗಳನ್ನು ನಾವೇ ಹೊಲಿಯಬೇಕು: ಒಂದು ತುಂಡು ವಿರಾಮದಲ್ಲಿ ಮುಗಿದು ಮುಂದಿನದು ಕ–ಹ ವ್ಯಾಪ್ತಿಯ ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸಿ. ಒಮ್ಮೆ ಸೇರಿಸಿ ಬಿಡಬೇಡಿ, ಲೂಪ್ ಬೇಕು. ‘ಸ್ತ್ರೀ’ ಮೂರು ತುಂಡಾಗಿ ಬರುತ್ತದೆ. ‘ಬ್ಯಾಂಕ್‌ನಲ್ಲಿ’ ತಾನಾಗಿಯೇ ಸರಿಹೋಗುತ್ತದೆ: ‘ಕ್’ ನಂತರದ, ಒತ್ತಕ್ಷರ ಆಗದಂತೆ ತಡೆಯುವ ಕಾಣದ ಚಿಹ್ನೆ ಝಡ್‌ಡಬ್ಲ್ಯುಎನ್‌ಜೆ ಆ ತುಂಡಿನ ಕೊನೆಯಲ್ಲೇ ಕೂರುವುದರಿಂದ ಅದು ವಿರಾಮದಲ್ಲಿ ಮುಗಿಯುವುದಿಲ್ಲ. ಹಳಗನ್ನಡ ಪಠ್ಯವಿದ್ದರೆ ೞ ಬೇರೆಯಾಗಿ ಸೇರಿಸಿ, ಅದು ಆ ವ್ಯಾಪ್ತಿಯ ಹೊರಗಿದೆ.

ಉತ್ತರ 3
ಡೇಟಾಬೇಸ್ ಕಾಲಂ ಕೂಡ ನೋಡಿ. ಪಠ್ಯವನ್ನು ಬೈಟ್ ಆಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ 3 ಬೈಟ್, ‘ಕರ್ನಾಟಕ’ಕ್ಕೆ 21. ಒರಾಕಲ್‌ನಲ್ಲಿ ವಾರ್‌ಕ್ಯಾರ್2 (ಪಠ್ಯದ ಕಾಲಂ) ಗಾತ್ರ 20 ಎಂದಷ್ಟೇ ಬರೆದರೆ ಡೀಫಾಲ್ಟ್ ಆಗಿ ಅದು ಬೈಟ್ ಲೆಕ್ಕ, ಈ ಪದವೇ ಹಿಡಿಸದು. 20ರ ಮುಂದೆ ‘ಕ್ಯಾರ್’ ಬರೆಯಿರಿ.

ಪ್ರಶ್ನೆ ಕೇಳಿದವರು
ಹೊಲಿದ ಮೇಲೆ 4 ಬಂತು, ಕತ್ತರಿಸುವುದೂ ಸರಿಯಾಯಿತು. ಆದರೆ ಹುಡುಕಾಟದಲ್ಲಿ ‘ಕೋಲಾರ’ ಕೆಲವೊಮ್ಮೆ ಸಿಗುವುದಿಲ್ಲ, ಅದಕ್ಕೂ ಇದೇ ಕಾರಣವೇ?

ಉತ್ತರ 2
ಅಲ್ಲ, ಅದು ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದಾಗಿಸುವುದು) ಸಮಸ್ಯೆ. ‘ೋ’ ಒಂದೇ ಕೋಡ್ ಪಾಯಿಂಟ್ ಆಗಿಯೂ ಇರಬಹುದು, ಮೂರಾಗಿ ಒಡೆದೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಉಳಿಸುವಾಗಲೂ ಹುಡುಕುವಾಗಲೂ ಒಡೆದದ್ದನ್ನು ಕೂಡಿಸಿಟ್ಟ ರೂಪವಾದ ಎನ್‌ಎಫ್‌ಸಿಗೆ ತನ್ನಿ. ಹುಡುಕಾಟದ ಕೀಲಿಯಲ್ಲಿ ಮಾತ್ರ ಝಡ್‌ಡಬ್ಲ್ಯುಎನ್‌ಜೆ ತೆಗೆಯಿರಿ. ತೋರಿಸುವ ಪಠ್ಯದಲ್ಲಿ ತೆಗೆದರೆ ‘ಬ್ಯಾಂಕ್ನಲ್ಲಿ’ ಆಗಿಬಿಡುತ್ತದೆ.