ಮೀನಿನ ಹೊಟ್ಟೆ ಸೀಳಿದರೆ ಬರೀ ಕಪ್ಪು ಕೆಸರು, ಯಾಕೆ?

ಗಾಳದ ಹುಡುಗ:
ಚಿಕ್ಕವನಿದ್ದಾಗಿನಿಂದ ನಮ್ಮೂರ ಕೆರೆಯಲ್ಲಿ ಗಾಳ ಹಾಕುತ್ತೇನೆ. ಬೆಂಗಳೂರಿನ ಹೊರವಲಯ, ಈಗ ಸುತ್ತ ಅಪಾರ್ಟ್‌ಮೆಂಟ್‌ಗಳೇ. ಆಗೆಲ್ಲ ಅಮ್ಮ ಮೀನು ಸೀಳಿದರೆ ಸಣ್ಣ ಸಿಗಡಿ, ಹುಳಹುಪ್ಪಟೆ, ಒಂದೊಂದು ಸಲ ಇಡೀ ಮರಿಮೀನು ಸಿಗುತ್ತಿತ್ತು. ಹೋದ ಭಾನುವಾರ ನಾಲ್ಕು ಜಿಲೇಬಿ ಬಿದ್ದವು. ನಾಲ್ಕರಲ್ಲೂ ಕಪ್ಪು ಕೆಸರು, ನಡುವೆ ದಾರದಂಥ ಕೆಂಪು ಹುಳ. ಹಸಿವಿಗೆ ಮಣ್ಣು ತಿನ್ನುತ್ತಿವೆಯಾ?

ಕೆರೆಏರಿ:
ಬರೀ ಮಣ್ಣಲ್ಲ ಅದು. ಕೊಳೆತ ಗಿಡ, ಸತ್ತ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿದ ಗಸಿ. ಜಿಲೇಬಿ, ಅಂದರೆ ತಿಲಾಪಿಯಾ, ಅದನ್ನೂ ಅರಗಿಸಿಕೊಳ್ಳುತ್ತದೆ. ಅದರ ಕರುಳು ಮೈಗಿಂತ ಎಷ್ಟೋ ಪಟ್ಟು ಉದ್ದ, ಬೇಕಾದರೆ ಬಿಚ್ಚಿ ಅಳೆದು ನೋಡಿ. ಕೊಳಚೆ ನೀರಿನ ಜೊತೆ ಸಾರಜನಕ, ರಂಜಕ ಬರುತ್ತವೆ, ಪಾಚಿ ಉಕ್ಕುತ್ತದೆ, ಅದು ಸತ್ತು ತಳದಲ್ಲಿ ಕೊಳೆಯುವಾಗ ಆಮ್ಲಜನಕ ಖಾಲಿಯಾಗುತ್ತದೆ. ಸಿಗಡಿ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಎಲ್ಲ ಕಮ್ಮಿಯಾಗುತ್ತಾ ಹೋಗುತ್ತವೆ. ಆ ಕೆಂಪು ಹುಳ ಮಾತ್ರ ಜಗ್ಗಲ್ಲ. ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಒಂದು ನೊಣದ ಮರಿ ಅದು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದಕ್ಕೂ ಇದೆ, ಕೆಂಪು ಬಣ್ಣ ಅದರದ್ದೇ. ಚೂರು ಆಮ್ಲಜನಕ ಇದ್ದರೂ ಬದುಕುತ್ತದೆ.

ಬಲೆ ಮಾಮ:
ಕಾಟ್ಲಾ ಮೇಲಿನ ನೀರಲ್ಲಿ ಸೋಸಿ ತಿನ್ನುತ್ತೆ, ಅದಕ್ಕೇ ಬಾಯಿ ಮೇಲ್ಮುಖ. ರೋಹು ನಡುನೀರಲ್ಲಿ, ಮೃಗಾಲ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕಲ್ಲ ಅಂತಲೇ ಮೂರನ್ನೂ ಒಟ್ಟಿಗೆ ಬಿಡೋದು. ಈಗ ನಮ್ಮ ಕಡೆ ಕೆರೆಯಲ್ಲಿ ಎಲ್ಲಕ್ಕೂ ತಳವೇ ಗತಿ, ಅಲ್ಲಿ ಜಿಲೇಬಿ ಜೊತೆ ಪೈಪೋಟಿ ಬೇರೆ. ಕೊರವ ಮೀನಿನ ಕಥೆ ಬೇಡವೇ ಬೇಡ. ಅದು ಕಣ್ಣಿಂದ ನೋಡಿ ಹಾರಿ ಹಿಡಿಯೋ ಮೀನು, ಹಸಿರು ಗಂಜಿಯಂಥ ನೀರಲ್ಲಿ ಏನು ಕಾಣುತ್ತೆ ಹೇಳಿ?

ಬಯಾಲಜಿ ಮೇಷ್ಟ್ರು:
ಸರಿ, ಆದರೆ ನಾಲ್ಕು ಮೀನು ನೋಡಿ ತೀರ್ಮಾನಕ್ಕೆ ಬರಬೇಡಿ. ಹೊಟ್ಟೆಯಲ್ಲಿ ಕಾಣೋದು ಕೊನೆಯ ಊಟ ಮಾತ್ರ. ತಿಂಗಳುಗಟ್ಟಲೆ ಏನು ತಿಂದಿದೆ ಅಂತ ತಿಳಿಯಬೇಕಾದರೆ ಮಾಂಸದಲ್ಲಿರುವ ಇಂಗಾಲ, ಸಾರಜನಕದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಪರೀಕ್ಷೆ ಆಗಬೇಕು. ಮಳೆ ಬಿದ್ದ ಮೇಲೆ ಇನ್ನೊಂದು ಸಲ ಸೀಳಿ ನೋಡಿ. ಅಂದಹಾಗೆ, ಆ ಕೆರೆಯ ಮೀನು ತಿನ್ನುತ್ತಿದ್ದೀರಾ? ಕೊಳಚೆ ಕೆಸರಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ನಾನಂತೂ ತಿನ್ನಲ್ಲ.

ಗಾಳದ ಹುಡುಗ:
ಕರುಳು ಅಳೆದೆ. ಮೀನು ಒಂದು ಗೇಣು, ಕರುಳು ಆರು ಗೇಣು ಬಂದು ತುಂಡಾಯ್ತು. ಸಾರು ಮಾಡಲಿಲ್ಲ ಮೇಷ್ಟ್ರೇ, ಬೆಕ್ಕಿಗೂ ಹಾಕಲಿಲ್ಲ.