ಅಪ್‌ಡೇಟ್: ಹುಲ್ಲಿನ ಮೆಷಿನ್ ನಡುವೆ ಗೆರೆ ಬಿಡುತ್ತಿದ್ದದ್ದು ಸರಿಯಾಯಿತು

ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಹಿಂದೆ ನಡೆದು ಓಡಿಸುವ ನಮ್ಮ 30 ಇಂಚಿನ, ಎರಡು ಬ್ಲೇಡಿನ ಮೆಷಿನ್ ಮಳೆಗಾಲ ಕಳೆದ ಮೇಲೆ ನಡುವೆ ಹುಲ್ಲಿನ ಗೆರೆ ಬಿಡುತ್ತದೆ, ಎಡಬದಿ ತಗ್ಗಾಗಿ ಕತ್ತರಿಸುತ್ತದೆ ಎಂದು ಕೇಳಿದ್ದೆ.

ಸ್ಪಾರ್ಕ್ ಪ್ಲಗ್ಗಿನ ವಯರ್ ಕಳಚಿ, ಏರ್ ಫಿಲ್ಟರ್ ಮೇಲೆ ಬರುವಂತೆ ವಾಲಿಸಿ ನೋಡಿದೆ. ಡೆಕ್ಕಿನ (ಬ್ಲೇಡುಗಳ ಮೇಲಿನ ಮುಚ್ಚಳದ) ಅಡಿಯಲ್ಲಿ ಒದ್ದೆ ಹುಲ್ಲು ಎರಡು ಬೆರಳು ದಪ್ಪಕ್ಕೆ ಒಣಗಿ ಹಿಡಿದಿತ್ತು. ಮರದ ತುಂಡಿನಿಂದ ಕೆರೆದು ತೆಗೆದೆ. ಆದರೆ ನಿಜವಾದ ಕಾರಣ ಬ್ಲೇಡು. ಮುರಕಲ್ಲಿಗೆ ತಾಗಿ ತಾಗಿ ತುದಿಗಳು ಉರುಟಾಗಿದ್ದವು. ತುದಿ ಸವೆದರೆ ಎರಡು ಬ್ಲೇಡುಗಳ ಸುತ್ತು ಒಂದರೊಳಗೊಂದು ಬರುವ ಜಾಗವೇ ಕಿರಿದಾಗುತ್ತದೆ, ಅಲ್ಲೇ ಗೆರೆ ಉಳಿಯುವುದು. ನನ್ನ ಪ್ರಶ್ನೆಗೆ ಪೆರ್ಲದ ಅಣ್ಣ ಹೇಳಿದ್ದು ಇದನ್ನೇ, ಅವರಿಗೆ ದೊಡ್ಡ ಉಪಕಾರ. ಮಸೆದು ಪ್ರಯೋಜನವಿರಲಿಲ್ಲ, ಎರಡನ್ನೂ ಬದಲಿಸಿದೆ.

ಮಸೆಯುವವರು ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಮಸೆಯಬೇಕು. ತೂಕ ಸಮವಿಲ್ಲದಿದ್ದರೆ ಮೆಷಿನ್ ನಡುಗಿ ಬೇರಿಂಗ್ ಹೋಗುತ್ತದೆ.

ಎಡಬದಿ ತಗ್ಗಾದದ್ದು ಆ ಕಡೆಯ ಟೈರಿನ ಗಾಳಿ ಇಳಿದು. ಅಷ್ಟೇ!

ನಿನ್ನೆ ಇಬ್ಬನಿ ಆರಿದ ಮೇಲೆ ಇಡೀ ಅಂಗಳ ಹೊಡೆದೆ, ಒಂದು ಗೆರೆಯೂ ಇಲ್ಲ. ಅಪ್ಪ ಜಗಲಿಯಲ್ಲಿ ಕೂತು ನೋಡಿ "ಈಗ ಲಾಯಕ್ಕಾಯಿತು" ಎಂದರು. ಮುಂದಿನ ಜೂನ್‌ಗೆ ಮೊದಲೇ ಟ್ಯಾಂಕು, ಕಾರ್ಬ್ಯುರೇಟರ್ ಎರಡರ ಪೆಟ್ರೋಲನ್ನೂ ಖಾಲಿ ಮಾಡಿ ಇಡುತ್ತೇನೆ. ಎಥೆನಾಲ್ ಬೆರೆತ ಪೆಟ್ರೋಲ್ ನಮ್ಮ ಮಳೆಗಾಲದ ತೇವ ಎಳೆದುಕೊಳ್ಳುತ್ತದೆ.