ಪದಚರ್ಚೆ: ಬಿಸಿ ಮತ್ತು ತೇವ ಕೂಡಿ ನಾರು-ರಾಳದ ದೋಟಿಯನ್ನು ಕುಂದಿಸುವುದಕ್ಕೆ ಏನೆನ್ನಬೇಕು?

ಮಾನ್ಯರೆ,

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಗಾಗಿ ಕಾರ್ಬನ್ ಫೈಬರ್ ದೋಟಿಯ (ಮರ ಹತ್ತದೆ ಕೊಯ್ಲು, ಸಿಂಪಡಣೆ ಮಾಡುವ ಉದ್ದ ಕೋಲಿನ) ಪಾಲನೆ ಕುರಿತು ಕಿರುಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದು, ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ದೋಟಿಯ ಕೊಳವೆಯಲ್ಲಿ ಮುಖ್ಯವಾಗಿ ಭಾರ ಹೊರುವುದು ಕಾರ್ಬನ್ ನಾರು. ಆ ನಾರುಗಳನ್ನು ಹಿಡಿದಿಡುವುದು ಸಾಮಾನ್ಯವಾಗಿ ಎಪಾಕ್ಸಿ ಎಂಬ, ಅಂಟಿನಂತೆ ಹಿಡಿದು ಗಟ್ಟಿಯಾಗುವ ರಾಳ. ಕಾರ್ಬನ್ ನಾರು ನೀರು ಹೀರುವುದಿಲ್ಲ, ರಾಳ ಹೀರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ದೋಟಿಯ ಮೈಮೇಲೆ ಸುರಿದ ನೀರಷ್ಟೇ ಅಲ್ಲ, ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟಾಗ ಗಾಳಿಯಲ್ಲಿರುವ ಪಸೆಯೂ ನಿಧಾನವಾಗಿ ಒಳಸೇರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಸೇರುತ್ತದೆ. ಹೀಗೆ ಸೇರಿದ ನೀರಿನ ಅಣುಗಳು ರಾಳದ ಸರಪಳಿಗಳ ನಡುವಣ ಬಿಗಿಯನ್ನು ಸಡಿಲಿಸುವುದರಿಂದ, ಗಾಜಿನಂತೆ ಪೆಡಸಾಗಿರುವ ರಾಳ ಮೆತ್ತಗಾಗತೊಡಗುವ ತಾಪಮಾನವೇ ಕೆಳಗಿಳಿಯುತ್ತದೆ. ತೂಕದಲ್ಲಿ ಶೇ. 1ರಷ್ಟು ನೀರು ಹೀರಿದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇಳಿಕೆ ಎಂಬುದು ಎಪಾಕ್ಸಿಗೆ ರೂಢಿಯಲ್ಲಿರುವ ಸ್ಥೂಲ ಲೆಕ್ಕ. ಬಿಸಿ ತೇವವನ್ನು ಒಳಗೆಳೆಯುತ್ತದೆ, ತೇವ ಬಿಸಿ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ.

ಈ ಜೋಡಿ ಪರಿಣಾಮಕ್ಕೆ ‘ಆರ್ದ್ರೋಷ್ಣ’ ಎಂದರೆ ಹೇಗೆಂಬ ಸಲಹೆ ಬಂದಿದೆ. ಆದರೆ ಹವಾಮಾನ ವರದಿಯಲ್ಲಿ ಆರ್ದ್ರತೆ ಎಂದರೆ ಗಾಳಿಯ ಗುಣ; ಓದುಗರಿಗೆ ಸೆಕೆಯ ಹವೆ ನೆನಪಾದೀತೇ ಹೊರತು ವಸ್ತುವಿನ ಒಳಗಿನ ನೀರಲ್ಲ. ನನ್ನ ಒಲವು ‘ತೇವ-ತಾಪ ಪರಿಣಾಮ’ದ ಕಡೆಗಿದೆ. ಹೀರುವಿಕೆಗೆ ನಮ್ಮಲ್ಲಿ ಮಳೆಗಾಲದ ಬಾಗಿಲಿನ ಬಗ್ಗೆ ಆಡುವ ‘ನೀರು ಕುಡಿದಿದೆ’ ಎಂಬ ಮಾತೇ ಸಾಕು, ಏಕೆಂದರೆ ನೀರು ಕುಡಿದ ರಾಳವೂ ಉಬ್ಬುತ್ತದೆ.

‘ದೋಟಿಯ ಬಲ ಕುಂದುತ್ತದೆ’ ಎಂದು ಒಟ್ಟಾರೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ನಾರಿನ ಉದ್ದಕ್ಕೆ ಎಳೆದಾಗಿನ ಬಲ ಅಷ್ಟಾಗಿ ತಗ್ಗುವುದಿಲ್ಲ. ತಗ್ಗುವುದು ರಾಳದ ಆಸರೆ ಬೇಡುವ ಬಲಗಳು: ಬಾಗಿದ ದೋಟಿಯಲ್ಲಿ ಬಾಗಿನ ಒಳಬದಿ ತಾಳುವ ಒತ್ತುಬಲ ಮತ್ತು ಪದರುಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ. ಎರಡನೆಯದಕ್ಕೆ ‘ಪದರುಜಾರು ಬಲ’ ಎಂದರೆ ತೋಟದವರಿಗೂ ಎಂಜಿನಿಯರಿಗೂ ಅರ್ಥವಾದೀತೆ? ಪದರುಗಳು ಬೇರ್ಪಡುವುದಕ್ಕಂತೂ ‘ಪದರು ಬಿಡುವುದು’ ಎಂಬ ಬಳಕೆ ಇದ್ದೇ ಇದೆ.

ಇನ್ನೊಂದು ಭೇದವೂ ಮುಖ್ಯ. ರಾಳ ಬರೀ ಮೆತ್ತಗಾಗಿದ್ದರೆ ಒಣಗಿದಾಗ ಬಹುಪಾಲು ಚೇತರಿಸಿಕೊಳ್ಳುತ್ತದೆ. ನಾರು-ರಾಳದ ಬೆಸುಗೆ ಬಿಟ್ಟಿದ್ದರೆ ಅಥವಾ ಒಳಗೆ ಸೂಕ್ಷ್ಮ ಬಿರುಕು ಮೂಡಿದ್ದರೆ ಒಣಗಿಸಿ ಫಲವಿಲ್ಲ. ಮೊದಲನೆಯದನ್ನು ‘ಕುಂದು’, ಎರಡನೆಯದನ್ನು ‘ಹಾನಿ’ ಎಂದು ಪುಸ್ತಿಕೆಯುದ್ದಕ್ಕೂ ಬೇರ್ಪಡಿಸಿ ಬಳಸಬಹುದೇ, ಇದಕ್ಕಿಂತ ನಿಖರವಾದ ಜೋಡಿಪದ ಬಳಕೆಯಲ್ಲಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.